ಭೂಸ್ವಾಧೀನದ ಕಾಗದಗಳು

ಪ್ರಜೆಯ ನೆಲವನ್ನು ಸಾರ್ವಜನಿಕ ಕಾರ್ಯಕ್ಕೆಂದು ತೆಗೆದುಕೊಳ್ಳುವ ವಿಷಯದಲ್ಲಿ ಕುಂಪಣಿಯವರು 1824ರಲ್ಲಿ ಬಂಗಾಳಕ್ಕೆ ಒಂದು ನಿಬಂಧನೆಯನ್ನು ಮಾಡಿದರು. 1857, 1870ರ ಕಾಯಿದೆಗಳು ಅದರ ಹಿಂದೆ ಬಂದುವು. ದೀರ್ಘಕಾಲ ನಿಂತುದು 1894ರ ಕಾಯಿದೆ.

ಅದರಲ್ಲಿ ಕೆಲಸವೆಲ್ಲ ಕಾಗದದಿಂದ ಕಾಗದಕ್ಕೆ ನಡೆಯತಕ್ಕದ್ದು. ಮೊದಲು 4ನೆಯ ಪ್ರಕರಣದ ಪ್ರಕಟನೆಯು ಗೆಜೆಟ್ಟಿನಲ್ಲಿ ಬರಬೇಕು. ಅದರ ಸಾರಾಂಶವನ್ನು ಊರಿನಲ್ಲಿಯೂ ತಿಳಿಯಪಡಿಸಬೇಕು. ಆಮೇಲೆ 6ನೆಯ ಪ್ರಕರಣದ ಘೋಷಣೆ, 9ನೆಯದರ ನೋಟೀಸು, ಕಡೆಗೆ ಕಲೆಕ್ಟರ ಐತೀರ್ಪು. ನೆಲವನ್ನೇ ತೆಗೆದುಕೊಳ್ಳಕೂಡದೆಂದು 30 ದಿನಗಳೊಳಗೆ ಬರೆದುಕೊಡುವ ಹಕ್ಕು ಮಾತ್ರ 1923ರ ತಿದ್ದುಪಡಿಯಿಂದ ಬಂದಿತು. ಒಡೆಯನ ಮಾತನ್ನು ಕೇಳುವುದಕ್ಕೆ ಕಾಯಿದೆಗೆ 29 ವರ್ಷಗಳು ಬೇಕಾದುವು! ತುರ್ತಿನ ಸಂದರ್ಭದಲ್ಲಿ ಅದನ್ನೂ ಬಿಟ್ಟುಬಿಡಲು ಸರ್ಕಾರಕ್ಕೆ ಅಧಿಕಾರವಿದ್ದಿತು.

ಆದರೆ ಬಡ ಹಿಡುವಳಿದಾರನಿಗೆ ನಿಜವಾದ ಅಪಾಯವಿದ್ದುದು ಹಣದ ರಸೀದಿಯಲ್ಲಿ. ಪರಿಹಾರವು ಸಾಲದೆಂದು ತೋರಿದರೂ ಅದನ್ನು ತೆಗೆದುಕೊಳ್ಳಬಹುದು. ತಕರಾರನ್ನು ಉಳಿಸಿಕೊಂಡೇ ತೆಗೆದುಕೊಳ್ಳಬೇಕು. ಆ ಮಾತಿಲ್ಲದೆ ಹಣವನ್ನು ಪಡೆದವನಿಗೆ, ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಕಳುಹಿಸೆಂದು 18ನೆಯ ಪ್ರಕರಣದಂತೆ ಕೇಳುವ ಹಕ್ಕು 31ನೆಯ ಪ್ರಕರಣದಿಂದ ತಪ್ಪಿಹೋಗುತ್ತಿದ್ದಿತು. ಐತೀರ್ಪಿನ ವೇಳೆ ಹಾಜರಿದ್ದವನಿಗೆ ಆ ಅರ್ಜಿಗೆ ಆರೇ ವಾರಗಳ ಗಡುವು. ಪಿತ್ರಾರ್ಜಿತವಾದ ಹೊಲವನ್ನು ಕಳೆದುಕೊಂಡು, ಅಕ್ಷರವರಿಯದೆ ಹೆಬ್ಬೆಟ್ಟನ್ನೊತ್ತುವ ರೈತನು ಈ ಸೂಕ್ಷ್ಮವನ್ನು ಬಲ್ಲನೆಂದು ಎಣಿಸಿದ್ದು ಶಾಸನದ ಕಾಠಿನ್ಯವೇ ಸರಿ.

2013ರ ಹೊಸ ಕಾಯಿದೆಯು 2014ರ ಜನವರಿ 1ರಂದು ಜಾರಿಗೆ ಬಂದು ಹಳೆಯದನ್ನು ತೆಗೆದುಹಾಕಿತು. ಜನಜೀವನದ ಮೇಲಾಗುವ ಪರಿಣಾಮದ ಪರಿಶೀಲನೆಯೂ ಪುನರ್ವಸತಿಯೂ ಅದರಲ್ಲಿ ಸೇರಿದುವು. ರಸೀದಿಯ ಷರತ್ತು ಮಾತ್ರ 77ನೆಯ ಪ್ರಕರಣದಲ್ಲಿ ಹಾಗೆಯೇ ಉಳಿದುಬಂದಿತು.