ಸ್ಪಿಟ್‌ಫೈರ್‌ನ ಹೊಟ್ಟೆಯ ಬಣ್ಣ, ಬೀದರಿನ ರನ್‌ವೇ

ಈ ವಾರದ ವಿಡಿಯೋದ ಬರಹರೂಪ ಇದು. ಸಮಯ ಸಾಲದೆ ಕತ್ತರಿಸಿದ ಒಂದೆರಡು ಸಂಗತಿಗಳನ್ನೂ ಇಲ್ಲಿ ಸೇರಿಸಿದ್ದೇನೆ.

ವಿಡಿಯೋದಲ್ಲಿ ನನ್ನ ಕೈಲಿರೋದು ಸ್ಪಿಟ್‌ಫೈರ್ ಮಾರ್ಕ್ 1 ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್. ಅಳತೆ 1:72, ಅಂದ್ರೆ ಆರಡಿ ಮನುಷ್ಯ ಒಂದು ಇಂಚಾಗ್ತಾನೆ. 11 ಮೀಟರಿಗೂ ಹೆಚ್ಚಿದ್ದ ರೆಕ್ಕೆಯ ಅಗಲ ಇಲ್ಲಿ ಹದಿನೈದೂವರೆ ಸೆಂಟಿಮೀಟರ್. ಗಚ್ಚಿಬೌಲಿಯ ಬಾಡಿಗೆ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ಪಕ್ಕದಲ್ಲೇ ಕೂರುತ್ತೆ.

ಸ್ಪಿಟ್‌ಫೈರ್ ಅಂದ್ರೆ ಎಲ್ಲರಿಗೂ ನೆನಪಾಗೋದು ಲಂಡನ್, ಚರ್ಚಿಲ್. ನಾನು ಇದನ್ನೇ ಆರಿಸಿಕೊಂಡಿದ್ದು ಅದರ ಪಕ್ಕೆಯ ಮೇಲಿರೋ ಎರಡಕ್ಷರಕ್ಕೆ: ಯು, ಎಂ. ಅದು ಬ್ರಿಟಿಷ್ ವಾಯುಪಡೆಯ 152ನೇ ಸ್ಕ್ವಾಡ್ರನ್ನಿನ ಗುರುತು. ದಾಖಲೆಯಲ್ಲಿ ಅದರ ಹೆಸರು ‘ಹೈದರಾಬಾದ್ ಸ್ಕ್ವಾಡ್ರನ್’. ಲಾಂಛನದಲ್ಲಿ ನಿಜಾಮರ ಪೇಟ, ಕೆಳಗೆ ‘ನಂಬಿಕಸ್ತ ಮಿತ್ರ’ ಅನ್ನೋ ಅರ್ಥದ ಧ್ಯೇಯವಾಕ್ಯ. 1940ರ ಬೇಸಿಗೆಯಲ್ಲಿ ಈ ಪಡೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವಾರ್ಮ್‌ವೆಲ್‌ನಿಂದ ಹಾರಿ ಜರ್ಮನ್ ಬಾಂಬರುಗಳನ್ನ ಎದುರಿಸಿತು. ಹರಿಕೇನ್ ಹಾರಿಸುತ್ತಿದ್ದ 253ನೇ ಸ್ಕ್ವಾಡ್ರನ್ನಿಗೂ ಹೈದರಾಬಾದ್ ಸಂಸ್ಥಾನದ ಹೆಸರೇ ಇತ್ತು.

ಇದು ಮೊದಲನೇ ಮಹಾಯುದ್ಧದಿಂದ ಬಂದ ಪದ್ಧತಿ. 1918ರಲ್ಲಿ 110ನೇ ಸ್ಕ್ವಾಡ್ರನ್ನಿನ ಡಿಎಚ್9ಎ ಬಾಂಬರುಗಳಿಗೆ ದುಡ್ಡು ಕೊಟ್ಟವರು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್. ಅವುಗಳಲ್ಲೊಂದು ಜರ್ಮನರ ಕೈಗೆ ಸಿಕ್ಕಿ, ಬರ್ಲಿನ್ನಿನ ಮ್ಯೂಸಿಯಂ ಸೇರಿ, ಕೊನೆಗೆ ಪೋಲೆಂಡಿನಲ್ಲಿ ಪತ್ತೆಯಾಯಿತು. ಬ್ರಿಟಿಷರು ಅದನ್ನ ವಾಪಸ್ ತರಲು ಬದಲಿಗೆ ಕೊಟ್ಟಿದ್ದು ಒಂದು ಸ್ಪಿಟ್‌ಫೈರ್! ಲಂಡನ್‌ಗೆ ಆನ್‌ಸೈಟ್ ಹೋಗೋರು ಗಮನಿಸಿ, ಅದೀಗ ಹೆಂಡನ್‌ನ ಆರ್‌ಎಎಫ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ನಿಜಾಮರು ಕೊಟ್ಟರು ಅಂತೀವಿ. ಆದ್ರೆ ನಿಜಾಮರಿಗೆ ಕೊಟ್ಟೋರು ಯಾರು? ಸಂಸ್ಥಾನದ ಬೊಕ್ಕಸವಾಗಲಿ, ಸರ್ಫ್-ಎ-ಖಾಸ್ ಅನ್ನೋ ಅವರ ಖಾಸಗಿ ಜಮೀನಾಗಲಿ, ತುಂಬುತ್ತಿದ್ದದ್ದು ಹೊಲದಿಂದಲೇ. ಆಗ ಬೀದರ್, ಗುಲ್ಬರ್ಗ, ರಾಯಚೂರು ಮೂರೂ ಈ ಸಂಸ್ಥಾನದ ಜಿಲ್ಲೆಗಳು. ನಾನು ಬೀದರ್ ಕಡೆಯವನು. ಕೆಲಸಕ್ಕೆ ಬಂದ ಈ ಊರು ನಮ್ಮ ಅಜ್ಜನ ಕಾಲದಲ್ಲಿ ರಾಜಧಾನಿ. ಹಾಗಾಗಿ ಈ ವಿಮಾನದಲ್ಲಿ ನಮ್ಮ ಜೋಳದ ಹೊಲದ ಪಾಲೂ ಇದೆ ಅಂತ ನಾನು ಹೇಳ್ತೀನಿ.

ಈಗ ಬಣ್ಣಕ್ಕೆ ಬರೋಣ. ಭಾಗಗಳನ್ನ ಅಂಟಿಸಿ, ಸಂದು ತುಂಬಿ, ಉಜ್ಜಿ, ಬೂದು ಪ್ರೈಮರ್ ಹೊಡೆದ ಮೇಲೆ ಮೊದಲು ಹೊಟ್ಟೆಗೆ ತಿಳಿ ಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಟೇಪ್ ಹಚ್ಚಿ ಮೇಲ್ಭಾಗಕ್ಕೆ ಕಂದು, ಆಮೇಲೆ ಕಡು ಹಸಿರಿನ ಪಟ್ಟೆ. ನಂತರ ಹೊಳಪಿನ ವಾರ್ನಿಷ್, ಅದರ ಮೇಲೆ ನೀರಲ್ಲಿ ನೆನೆಸಿದ ಡೀಕಾಲ್, ಕೊನೆಗೆ ಮ್ಯಾಟ್. ಹೈದರಾಬಾದಿನ ಮೇ ತಿಂಗಳಲ್ಲಿ ಏರ್‌ಬ್ರಶ್ ಮೂತಿಯಲ್ಲೇ ಅಕ್ರಿಲಿಕ್ ಒಣಗುತ್ತೆ. ಮಳೆಗಾಲದಲ್ಲಿ ವಾರ್ನಿಷ್ ಬೆಳ್ಳಗೆ ಮಂಜಾಗುತ್ತೆ. ನವೆಂಬರ್ ಬೆಸ್ಟು.

ಆ ಹೊಟ್ಟೆಯ ಬಣ್ಣದ ಹೆಸರು ‘ಸ್ಕೈ’. ಹೆಸರು ಆಕಾಶ, ಆದ್ರೆ ನೀಲಿ ಅಲ್ಲ. ಬಾತುಕೋಳಿ ಮೊಟ್ಟೆಯ ಹಾಗೆ ಮಾಸಲು ತಿಳಿಹಸಿರು. 1940ರ ಜೂನ್‌ಗೆ ಮುಂಚೆ ಬ್ರಿಟಿಷ್ ಫೈಟರುಗಳ ಹೊಟ್ಟೆ ಅರ್ಧ ಕಪ್ಪು, ಅರ್ಧ ಬಿಳಿ ಇರುತ್ತಿತ್ತು. ಆ ಜೂನ್‌ನಲ್ಲಿ ಎಲ್ಲಕ್ಕೂ ಸ್ಕೈ ಹಚ್ಚಿ ಅಂತ ಆದೇಶ ಬಂತು. ಬಣ್ಣ ಸಾಕಷ್ಟು ಸಿಗದೆ ಎಷ್ಟೋ ಕಡೆ ತಾವೇ ಬೆರೆಸಿಕೊಂಡರು. ಸರಿಯಾದ ಛಾಯೆ ಯಾವುದು ಅಂತ ಮಾಡೆಲ್ ಮಾಡೋರು ಇವತ್ತಿಗೂ ಜಗಳ ಆಡ್ತಾರೆ. ನನಗೆ ಆ ಜಗಳಕ್ಕಿಂತ ಬಣ್ಣ ತಂದವನ ಕಥೆ ದೊಡ್ಡದು.

ಅವನು ಸಿಡ್ನಿ ಕಾಟನ್, ಆಸ್ಟ್ರೇಲಿಯಾದ ಪೈಲಟ್. 1939ರಲ್ಲಿ ಬ್ರಿಟಿಷ್ ಗೂಢಚಾರ ಸಂಸ್ಥೆಗಾಗಿ ಲಾಕ್‌ಹೀಡ್ ವಿಮಾನದಲ್ಲಿ ಕ್ಯಾಮೆರಾ ಬಚ್ಚಿಟ್ಟು ಜರ್ಮನಿಯ ಫೋಟೋ ತೆಗೆದವನು. ಯುದ್ಧ ಶುರುವಾದ ಮೇಲೆ ಸ್ಪಿಟ್‌ಫೈರ್‌ನ ಬಂದೂಕು ತೆಗೆಸಿ ಕ್ಯಾಮೆರಾ ಹಾಕಿಸಿದ. ಇಂಗ್ಲೆಂಡಿನ ವಿಮಾನ ನಿಲ್ದಾಣವೊಂದರಲ್ಲಿ ಜೋಧಪುರದ ಮಹಾರಾಜರ ತಿಳಿಹಸಿರು ವಿಮಾನ ಮೇಲೇರಿ ಬೇಗನೆ ಕಣ್ಮರೆಯಾಗಿದ್ದು ನೋಡಿ ಈ ಬಣ್ಣ ಹೊಳೆಯಿತು ಅನ್ನೋದು ಅವನೇ ಹೇಳಿಕೊಂಡ ಕಥೆ. ಕ್ಯಾಮೋಟಿಂಟ್ ಅಂತ ಹೆಸರಿಟ್ಟ. ವಾಯುಪಡೆಯ ‘ಸ್ಕೈ’ ಹುಟ್ಟಿದ್ದು ಅದರಿಂದ.

ಎಂಟು ವರ್ಷದ ನಂತರ ಇದೇ ಕಾಟನ್ ನಮ್ಮೂರಿಗೆ ಬಂದ. 1948ರಲ್ಲಿ ಭಾರತಕ್ಕೆ ಸೇರಲು ಒಪ್ಪದ ನಿಜಾಮ್ ಸರ್ಕಾರಕ್ಕೆ ಬಂದೂಕು, ಮದ್ದುಗುಂಡು ಬೇಕಿತ್ತು. ಲ್ಯಾಂಕಾಸ್ಟರ್ ಬಾಂಬರಿನಿಂದಲೇ ರೂಪಿಸಿದ ಲ್ಯಾಂಕಾಸ್ಟ್ರಿಯನ್ ಸರಕು ವಿಮಾನಗಳಲ್ಲಿ ಕಾಟನ್ ಕರಾಚಿಯಿಂದ ಕಳ್ಳತನದಲ್ಲಿ ಶಸ್ತ್ರ ತಂದ. ಇಳಿದಿದ್ದು ವಾರಂಗಲ್‌ನಲ್ಲಿ, ಬೀದರಿನಲ್ಲಿ. ಎರಡು ಯುದ್ಧದಲ್ಲಿ ಬ್ರಿಟಿಷರಿಗೆ ಸ್ಕ್ವಾಡ್ರನ್ ಕೊಟ್ಟ ಸಂಸ್ಥಾನದ ಬಳಿ ತನ್ನದು ಅನ್ನೋಕೆ ಒಂದು ಯುದ್ಧವಿಮಾನ ಇರಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂದಾಗ ಮೇಲೆ ಹಾರಿದ್ದು ಬ್ರಿಟಿಷರು ಮಾಡಿದ ಟೆಂಪೆಸ್ಟ್ ವಿಮಾನಗಳು, ಭಾರತದ ಗುರುತು ಹೊತ್ತು. ಐದು ದಿನದಲ್ಲಿ ಮುಗಿಯಿತು. ಕಾಟನ್‌ಗೆ ಲಂಡನ್ನಿನಲ್ಲಿ 200 ಪೌಂಡ್ ದಂಡ, ಅಷ್ಟೇ.

ನಮ್ಮ ಕಡೆ ತೆತ್ತ ಬೆಲೆ ಬೇರೆ. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯೆ ಊರವರ ಬಾಯಲ್ಲಿ ಇನ್ನೂ ಇದೆ. ಸೆಪ್ಟೆಂಬರ್ ನಂತರ ಮುಸ್ಲಿಮರ ಮೇಲೆ ಸೇಡಿನ ದಾಳಿಗಳಾದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡನ್ನೂ ಹೆಸರಿಸಿತು. ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸುವಾಗ ಮೊದಲನೆಯದನ್ನ ಮಾತ್ರ ಹೇಳೋ ಭಾಷಣ, ಎರಡನೆಯದನ್ನ ಮಾತ್ರ ಹೇಳೋ ಭಾಷಣ, ಎರಡೂ ನನಗೆ ಅರ್ಧ ಬಣ್ಣ ಬಳಿದ ಹಾಗೆ ಕಾಣ್ತವೆ.

ಬೀದರ್ ಈಗ ವಾಯುಪಡೆಯ ತರಬೇತಿ ನೆಲೆ. ಮುಂದಿನ ಮಾಡೆಲ್ ಯಾವುದು ಅಂತ ಕೇಳ್ತಿದ್ರಿ. 1:72ರ ಲ್ಯಾಂಕಾಸ್ಟರ್ ಕಿಟ್ ತರಿಸಿದ್ದೇನೆ. ಬಂದೂಕಿನ ಗೂಡು ಕತ್ತರಿಸಿ, ಮೂತಿ ಉದ್ದ ಮಾಡಿ, ಕಾಟನ್ ಬೀದರಿಗೆ ತಂದ ಲ್ಯಾಂಕಾಸ್ಟ್ರಿಯನ್ ಮಾಡೋ ಯೋಚನೆ. ರೆಕ್ಕೆಯೇ 43 ಸೆಂಟಿಮೀಟರ್ ಬರುತ್ತೆ, ಲ್ಯಾಪ್‌ಟಾಪ್ ಜಾಗ ಬಿಡಬೇಕು.