ಮೆಥನಾಲ್, ಎಥನಾಲ್: ಒಂದೇ ಕಾರ್ಬನ್ ವ್ಯತ್ಯಾಸ, ಸಾವು ಬದುಕಿನ ಅಂತರ

2015ರ ಜೂನ್‌ನಲ್ಲಿ ಮುಂಬೈ ಉಪನಗರ ಮಲಾಡ್‌ನ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಜೀವ ತೆಗೆದದ್ದು ಅದರಲ್ಲಿ ಬೆರೆತಿದ್ದ ಮೆಥನಾಲ್. ಮದ್ಯದಲ್ಲಿ ಸಾಮಾನ್ಯವಾಗಿ ಇರುವುದು ಎಥನಾಲ್. ಎರಡಕ್ಕೂ ಬಣ್ಣವಿಲ್ಲ, ವಾಸನೆಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾದರೆ ಮೆಥನಾಲ್ ಅಷ್ಟೊಂದು ಮಾರಕ ಏಕೆ? ಸಾವಯವ ರಸಾಯನಶಾಸ್ತ್ರದ ನಾಲ್ಕು ಮೂಲ ಪರಿಕಲ್ಪನೆಗಳು ತಿಳಿದರೆ ಉತ್ತರ ಸಿಗುತ್ತದೆ. ಎಸ್ಎಸ್ಎಲ್‌ಸಿ, ಪಿಯುಸಿ ವಿದ್ಯಾರ್ಥಿಗಳಿಗಾಗಿ ಇಲ್ಲಿದೆ ವಿವರ.

1. ಕಾರ್ಬನ್‌ನ ನಾಲ್ಕು ಬಂಧಗಳು
ಕಾರ್ಬನ್ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನ್‌ಗಳಿವೆ. ಅವುಗಳನ್ನು ಬೇರೆ ಪರಮಾಣುಗಳೊಂದಿಗೆ ಹಂಚಿಕೊಂಡು ಅದು 4 ಸಹವೇಲೆನ್ಸೀಯ ಬಂಧಗಳನ್ನು ಉಂಟುಮಾಡುತ್ತದೆ. ಕಾರ್ಬನ್‌ಗಳು ಪರಸ್ಪರ ಸೇರಿ ಉದ್ದನೆಯ ಸರಪಳಿಯೂ ಆಗಬಲ್ಲವು. ಮೆಥನಾಲ್‌ನಲ್ಲಿ ಇರುವುದು 1 ಕಾರ್ಬನ್, ಎಥನಾಲ್‌ನಲ್ಲಿ 2.

2. ಕ್ರಿಯಾ ಗುಂಪು
ಸಂಯುಕ್ತದ ರಾಸಾಯನಿಕ ಗುಣವನ್ನು ಮುಖ್ಯವಾಗಿ ನಿರ್ಧರಿಸುವುದು ಕ್ರಿಯಾ ಗುಂಪು. ಮೆಥನಾಲ್, ಎಥನಾಲ್ ಎರಡರಲ್ಲೂ ಇರುವುದು ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಹೈಡ್ರಾಕ್ಸಿಲ್ ಗುಂಪು. ಹಾಗಾಗಿ ಎರಡೂ ಆಲ್ಕೋಹಾಲ್‌ಗಳೇ. ಹೆಸರಿನ ಕೊನೆಯ 'ಆಲ್' ಇದನ್ನೇ ಸೂಚಿಸುತ್ತದೆ.

3. ಅನುರೂಪ ಶ್ರೇಣಿ
ಒಂದೇ ಕ್ರಿಯಾ ಗುಂಪು ಇದ್ದು, ಒಂದು ಕಾರ್ಬನ್ ಮತ್ತು ಎರಡು ಹೈಡ್ರೋಜನ್‌ಗಳಷ್ಟು ಅಂತರದಲ್ಲಿ ಬೆಳೆಯುವ ಸಾಲಿಗೆ ಅನುರೂಪ ಶ್ರೇಣಿ ಎನ್ನುತ್ತಾರೆ. ಮೆಥನಾಲ್‌ನ ಅಣುರಾಶಿ 32, ಎಥನಾಲ್‌ನದು 46, ಅಂತರ 14. ಮೆಥನಾಲ್ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ. ಇಂತಹ ಭೌತಿಕ ಗುಣಗಳು ಶ್ರೇಣಿಯುದ್ದಕ್ಕೂ ಕ್ರಮವಾಗಿ ಬದಲಾಗುತ್ತವೆ, ರಾಸಾಯನಿಕ ಗುಣ ಬಹುಪಾಲು ಒಂದೇ ಆಗಿರುತ್ತದೆ.

4. ಉತ್ಕರ್ಷಣ
ಈ ಎರಡು ಆಲ್ಕೋಹಾಲ್‌ಗಳು ಉತ್ಕರ್ಷಣಗೊಂಡರೆ ಮೊದಲು ಆಲ್ಡಿಹೈಡ್, ನಂತರ ಆಮ್ಲವಾಗುತ್ತವೆ. ದೇಹದೊಳಗೂ ನಡೆಯುವುದು ಇದೇ ಕ್ರಿಯೆ. ಕ್ರಿಯಾ ಗುಂಪು ಒಂದೇ ಆದ್ದರಿಂದ ಯಕೃತ್ತಿನ ಒಂದೇ ಕಿಣ್ವ ಎರಡರ ಮೇಲೂ ಕೆಲಸ ಮಾಡುತ್ತದೆ. ಎಥನಾಲ್‌ನಿಂದ ಕೊನೆಗೆ ಸಿಗುವುದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಆಮ್ಲ. ದೇಹ ಅದನ್ನು ಬಳಸಿಕೊಳ್ಳಬಲ್ಲದು. ಮೆಥನಾಲ್‌ನಿಂದ ಫಾರ್ಮಾಲ್ಡಿಹೈಡ್, ಬಳಿಕ ಫಾರ್ಮಿಕ್ ಆಮ್ಲ ಉಂಟಾಗುತ್ತದೆ. ದೇಹ ಇದನ್ನು ಬೇಗ ಹೊರಹಾಕಲಾರದು. ಶೇಖರಗೊಂಡ ಫಾರ್ಮಿಕ್ ಆಮ್ಲ ಜೀವಕೋಶಗಳು ಆಕ್ಸಿಜನ್ ಬಳಸದಂತೆ ತಡೆದು, ದೃಷ್ಟಿ ನರವನ್ನು ಹಾಳುಮಾಡುತ್ತದೆ. ಕುರುಡುತನ, ಸಾವು ಸಂಭವಿಸುವುದು ಹೀಗೆ.

ಗಮನಿಸಿ
ಎಥನಾಲ್ ಕೂಡ ಆರೋಗ್ಯಕ್ಕೆ ಹಾನಿಕರವೇ. ಮೆಥನಾಲ್ ಕೈಗಾರಿಕೆಗಳಲ್ಲಿ ದ್ರಾವಕವಾಗಿ, ಕಚ್ಚಾವಸ್ತುವಾಗಿ ಬಳಕೆಯಾಗುತ್ತದೆ. ಮದ್ಯಕ್ಕೆ ಬೆರೆತಿದ್ದರೆ ನೋಡಿ, ಮೂಸಿ ಪತ್ತೆಹಚ್ಚಲು ಸಾಧ್ಯವಿಲ್ಲ. ವಿಷದ ಪರಿಣಾಮ ಕಾಣಿಸಲು ಹಲವು ಗಂಟೆ ಹಿಡಿಯಬಹುದು. ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಅನುಮಾನ ಬಂದರೆ ಲಕ್ಷಣಗಳಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಕಿಣ್ವವನ್ನು ತಡೆಯುವ ಔಷಧಿಗಳಿವೆ. ಆದರೆ ಮೆಥನಾಲ್ ಆಮ್ಲವಾಗಿ ಬದಲಾಗುವ ಮುನ್ನ ಕೊಟ್ಟರೆ ಮಾತ್ರ ಅವುಗಳಿಂದ ಹೆಚ್ಚಿನ ಪ್ರಯೋಜನ.