ಡೆಟ್ರಾಯಿಟ್ ನಗರಕೇಂದ್ರದ ಪುನರುಜ್ಜೀವನ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹಳೆಯ ವ್ಯಾಪಾರಕೇಂದ್ರಕ್ಕೆ ಹೊಸ ಕಟ್ಟಡಗಳ ಮೂಲಕ ಜನಸಂಚಾರವನ್ನೂ ವಹಿವಾಟನ್ನೂ ಮರಳಿ ತರಲು 1970ರ ದಶಕದಿಂದ ನಡೆದುಬಂದ ಪ್ರಯತ್ನ. ಕಚೇರಿ ಗೋಪುರ, ಕ್ರೀಡಾಂಗಣ, ಕ್ಯಾಸಿನೊ, ಎತ್ತರಿಸಿದ ರೈಲು, ಉದ್ಯಾನ, ಹಳೆಯ ಹೋಟೆಲುಗಳ ಜೀರ್ಣೋದ್ಧಾರ ಎಲ್ಲವನ್ನೂ ಇಲ್ಲಿ ಪ್ರಯೋಗಿಸಿ ನೋಡಲಾಗಿದೆ. ಕಟ್ಟುವುದಕ್ಕೆ ಹಣ ಹೇಗೋ ಒದಗಿಬಂತು. ಕಟ್ಟಿದ ಮೇಲೆ ಅದನ್ನು ತುಂಬುವ ಜನರನ್ನು ಎಲ್ಲಿಂದ ತರುವುದು ಎಂಬುದೇ ಅರ್ಧ ಶತಮಾನದಿಂದ ಉಳಿದುಬಂದ ತೊಡಕು.

ಹಿನ್ನೆಲೆ

ಡೆಟ್ರಾಯಿಟನ್ನು 1701ರಲ್ಲಿ ಫ್ರೆಂಚರು ನದಿದಂಡೆಯ ಕೋಟೆಯಾಗಿ ಸ್ಥಾಪಿಸಿದರು. 1805ರ ಬೆಂಕಿಯಲ್ಲಿ ಊರು ಪೂರ್ತಿ ಸುಟ್ಟುಹೋದ ಮೇಲೆ ನ್ಯಾಯಾಧೀಶ ಅಗಸ್ಟಸ್ ವುಡ್‌ವರ್ಡ್ ಅಗಲ ಬೀದಿಗಳು ಕವಲೊಡೆಯುವ ಹೊಸ ನಕ್ಷೆ ರೂಪಿಸಿದ. ನಕ್ಷೆ ಪೂರ್ತಿ ಜಾರಿಗೆ ಬರಲಿಲ್ಲ. ಆದರೂ ಅವನ ಹೆಸರು ಹೊತ್ತ ವುಡ್‌ವರ್ಡ್ ಅವೆನ್ಯೂ ನಗರದ ರಾಜಬೀದಿಯಾಯಿತು. ಕಾರು ಕಾರ್ಖಾನೆಗಳು ಬೆಳೆದಂತೆ ಊರೂ ಬೆಳೆದು, 1950ರಲ್ಲಿ ಜನಸಂಖ್ಯೆ 18,49,568ಕ್ಕೆ ಮುಟ್ಟಿತು. ಅದೇ ಗರಿಷ್ಠ. ವುಡ್‌ವರ್ಡ್ ಅವೆನ್ಯೂದಲ್ಲಿದ್ದ ಹಡ್ಸನ್ಸ್ ಮಳಿಗೆ ದೇಶದ ಅತಿ ದೊಡ್ಡ ಬಹುಮಹಡಿ ಅಂಗಡಿಗಳಲ್ಲಿ ಒಂದಾಗಿತ್ತು.

ಇಳಿಗಾಲ

ಪೇಟೆಯ ಗಿರಾಕಿಗಳನ್ನು ಹೊರಗೆ ಸೆಳೆದವರಲ್ಲಿ ಪೇಟೆಯ ದೊಡ್ಡ ವ್ಯಾಪಾರಿಯೇ ಮುಂದಿದ್ದ. 1954ರಲ್ಲಿ ಹಡ್ಸನ್ಸ್ ಸಂಸ್ಥೆ, ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್‌ನ ವಿನ್ಯಾಸದಲ್ಲಿ, ಉಪನಗರವಾದ ಸೌತ್‌ಫೀಲ್ಡ್‌ನಲ್ಲಿ ನಾರ್ತ್‌ಲ್ಯಾಂಡ್ ಎಂಬ ಮಾಲ್ ತೆರೆಯಿತು. ಎರಡು ವರ್ಷದ ಬಳಿಕ, 1956ರಲ್ಲಿ, ನಗರದ ಕೊನೆಯ ಟ್ರಾಮ್ ನಿಂತುಹೋಯಿತು. ಕಾರಿದ್ದವರಿಗೆ ಮಾಲ್ ಹತ್ತಿರವಾಯಿತು, ಕಾರಿಲ್ಲದವರಿಗೆ ಪೇಟೆಯೂ ದೂರವಾಯಿತು.

ಹೆದ್ದಾರಿಗಳು ಇನ್ನಷ್ಟು ಹಾನಿ ಮಾಡಿದವು. ನಗರಕೇಂದ್ರಕ್ಕೆ ತಾಗಿಕೊಂಡಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಕಪ್ಪು ಜನರ ವಸತಿ, ವ್ಯಾಪಾರ ಮತ್ತು ಸಂಗೀತದ ಕೇರಿಗಳಾಗಿದ್ದವು. ಕೊಳೆಗೇರಿ ನಿರ್ಮೂಲನದ ಹೆಸರಿನಲ್ಲಿ ಅವನ್ನು ನೆಲಸಮ ಮಾಡಿ, ಅವುಗಳ ಮುಖ್ಯಬೀದಿಯಾದ ಹೇಸ್ಟಿಂಗ್ಸ್ ಸ್ಟ್ರೀಟ್ ಇದ್ದ ಜಾಗದಲ್ಲಿ ತಗ್ಗು ತೋಡಿ ಕ್ರೈಸ್ಲರ್ ಹೆದ್ದಾರಿಯನ್ನು ಹಾಯಿಸಲಾಯಿತು. ಪೇಟೆಗೆ ಕಾಲ್ನಡಿಗೆಯಲ್ಲಿ ಬರುತ್ತಿದ್ದ ಸಾವಿರಾರು ಗಿರಾಕಿಗಳು ಹೀಗೆ ಚದುರಿದರು. 1967ರ ಜುಲೈನಲ್ಲಿ ನಗರದಲ್ಲಿ ಭುಗಿಲೆದ್ದ ಜನಾಂಗೀಯ ಗಲಭೆಯಲ್ಲಿ 43 ಮಂದಿ ಸತ್ತರು. ಬಿಳಿಯರು ಉಪನಗರಗಳಿಗೆ ಹೋಗುವುದು ಅದಕ್ಕೂ ಮೊದಲೇ ಶುರುವಾಗಿತ್ತು. ಗಲಭೆಯ ನಂತರ ಅದರ ವೇಗ ಹೆಚ್ಚಿತು.

ಬ್ಯಾಗ್ಲಿ ಬೀದಿಯ ಮಿಷಿಗನ್ ಥಿಯೇಟರ್ ಈ ಕಾಲದ ಗುರುತಾಗಿ ಉಳಿದಿದೆ. 1926ರ ಈ ವೈಭವದ ಚಿತ್ರಮಂದಿರಕ್ಕೆ ಪ್ರೇಕ್ಷಕರು ಬರದಾದಾಗ, 1970ರ ದಶಕದಲ್ಲಿ ಅದರ ಒಳಾಂಗಣದಲ್ಲಿ ಕಾಂಕ್ರೀಟ್ ಅಂತಸ್ತುಗಳನ್ನು ಕಟ್ಟಿ ಪಾರ್ಕಿಂಗ್ ತಾಣ ಮಾಡಿದರು. ಗಾರೆಗೆಲಸದ ಚಾವಣಿ ಇನ್ನೂ ಇದೆ, ಅದರ ಕೆಳಗೆ ಸಾಲುಸಾಲು ಕಾರುಗಳು ನಿಲ್ಲುತ್ತವೆ. ಹೆನ್ರಿ ಫೋರ್ಡ್ 1896ರಲ್ಲಿ ತನ್ನ ಮೊದಲ ಗಾಡಿ ಕಟ್ಟಿದ ಶೆಡ್ಡು ಇದ್ದದ್ದೂ ಇದೇ ಜಾಗದಲ್ಲಿ.

ರಿನೈಸಾನ್ಸ್ ಸೆಂಟರ್

ಗಲಭೆಯ ಬಳಿಕದ ಮೊದಲ ದೊಡ್ಡ ಯೋಜನೆಗೆ ಮುಂದಾಳಾದವನು ಹೆನ್ರಿ ಫೋರ್ಡ್‌ನ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್. ನದಿಯ ದಂಡೆಯಲ್ಲಿ ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ ವಿನ್ಯಾಸಗೊಳಿಸಿದ ರಿನೈಸಾನ್ಸ್ ಸೆಂಟರ್ 1977ರಲ್ಲಿ ತೆರೆಯಿತು. ನಡುವೆ 73 ಮಹಡಿಯ ದುಂಡು ಹೋಟೆಲು, ಸುತ್ತ 39 ಮಹಡಿಯ ನಾಲ್ಕು ಕಚೇರಿ ಗೋಪುರಗಳು. 1974ರಲ್ಲಿ ನಗರದ ಮೊದಲ ಕಪ್ಪು ಮೇಯರ್ ಆಗಿ ಅಧಿಕಾರ ವಹಿಸಿಕೊಂಡು 20 ವರ್ಷ ಆಳಿದ ಕೋಲ್‌ಮನ್ ಯಂಗ್ ಇದಕ್ಕೆ ಬೆನ್ನಾಗಿ ನಿಂತರು.

ಕಟ್ಟಡ ಊರಿಗೆ ಬೆನ್ನು ಹಾಕಿ ನಿಂತಿತ್ತು. ಯಂತ್ರೋಪಕರಣಗಳನ್ನು ಒಳಗೆ ಅಡಗಿಸಿಕೊಂಡ ಕಾಂಕ್ರೀಟ್ ದಿಬ್ಬಗಳು ಜೆಫರ್ಸನ್ ಅವೆನ್ಯೂ ಬದಿಯಲ್ಲಿ ಗೋಡೆಯಂತೆ ಎದ್ದಿದ್ದವು. ಬೀದಿಯಿಂದ ನೋಡಿದವರಿಗೆ ಬಾಗಿಲು ಕಾಣಿಸುತ್ತಿರಲಿಲ್ಲ, ಒಳಹೊಕ್ಕವರು ಒಂದೇ ತರಹದ ದುಂಡು ಹಾದಿಗಳಲ್ಲಿ ದಿಕ್ಕು ತಪ್ಪುತ್ತಿದ್ದರು. ಬಾಡಿಗೆದಾರರ ವಿಷಯದಲ್ಲೂ ಲೆಕ್ಕ ತಪ್ಪಿತು. ಗೋಪುರಗಳನ್ನು ತುಂಬಿಸಲು ಫೋರ್ಡ್ ಕಂಪನಿ ಡಿಯರ್‌ಬಾರ್ನ್‌ನಲ್ಲಿದ್ದ ತನ್ನದೇ ನೌಕರರನ್ನು ಇಲ್ಲಿಗೆ ತಂದಿತು. ಉಳಿದ ಹಲವು ಕಚೇರಿಗಳು ಪೇಟೆಯ ಹಳೆಯ ಕಟ್ಟಡಗಳನ್ನು ಬಿಟ್ಟು ಬಂದವು. ಹೊಸ ಗೋಪುರದಲ್ಲಿ ದೀಪ ಹತ್ತಿದಂತೆ ನಾಲ್ಕು ಬೀದಿ ಆಚೆಯ ಹಳೆಯ ಕಟ್ಟಡಗಳು ಖಾಲಿಯಾದವು.

ಬಿಡಿ ಯೋಜನೆಗಳ ಕಾಲ (1980–2002)

ನಗರಕ್ಕೂ ಉಪನಗರಗಳಿಗೂ ನಡುವಿನ ವೈಮನಸ್ಯ ಸಾರಿಗೆಯಲ್ಲಿ ಎದ್ದು ಕಂಡಿತು. 1976ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಸರ್ಕಾರ ಪ್ರಾದೇಶಿಕ ರೈಲಿಗೆ 60 ಕೋಟಿ ಡಾಲರ್ ಕೊಡಲು ಮುಂದೆ ಬಂದರೂ, ಎರಡೂ ಕಡೆಯವರ ನಡುವೆ ಒಮ್ಮತ ಮೂಡದೆ ಆ ಹಣ ಬಳಕೆಯಾಗಲಿಲ್ಲ. ಆ ರೈಲಿನಿಂದ ಇಳಿದವರನ್ನು ಪೇಟೆಯೊಳಗೆ ಹಂಚಲೆಂದು ಯೋಜಿಸಿದ್ದ 'ಪೀಪಲ್ ಮೂವರ್' ಮಾತ್ರ 1987ರಲ್ಲಿ ಓಡಿತು. ಸುಮಾರು 4.7 ಕಿ.ಮೀ. ಉದ್ದದ ಈ ಎತ್ತರಿಸಿದ ಹಳಿ ಪೇಟೆಯನ್ನಷ್ಟೇ ಸುತ್ತಿ ಹೊರಟಲ್ಲಿಗೇ ಮರಳುತ್ತದೆ. ಹೊರಗಿನಿಂದ ಜನರನ್ನು ತರುವ ಮುಖ್ಯ ರೈಲು ಬಾರದೇಹೋಯಿತು.

ಹಡ್ಸನ್ಸ್ ಮಳಿಗೆ 1983ರಲ್ಲಿ ಮುಚ್ಚಿತು. ಹದಿನೈದು ವರ್ಷ ಪಾಳು ಬಿದ್ದಿದ್ದ ಆ ಕಟ್ಟಡವನ್ನು 1998ರ ಅಕ್ಟೋಬರ್ 24ರಂದು ಸ್ಫೋಟಕ ಇಟ್ಟು ಕೆಡವಿದಾಗ, ಅವಶೇಷ ಬಿದ್ದು ಪಕ್ಕದ ಪೀಪಲ್ ಮೂವರ್ ಹಳಿಯೂ ಜಖಂಗೊಂಡಿತು. 1999ರಲ್ಲಿ ಕ್ಯಾಸಿನೊಗಳು ಬಂದವು. ಬೇಸ್‌ಬಾಲ್‌ಗೆ ಕೊಮೆರಿಕಾ ಪಾರ್ಕ್ (2000), ಫುಟ್‌ಬಾಲ್‌ಗೆ ಫೋರ್ಡ್ ಫೀಲ್ಡ್ (2002) ಅಕ್ಕಪಕ್ಕದಲ್ಲೇ ಎದ್ದವು. ಪಂದ್ಯದ ದಿನ ಜನಜಂಗುಳಿ, ಉಳಿದ ದಿನ ಪಾರ್ಕಿಂಗ್ ಬಯಲು ಎಂಬ ಟೀಕೆ ಇವಕ್ಕೆ ಅಂಟಿಕೊಂಡಿತು. 1996ರಲ್ಲಿ ರಿನೈಸಾನ್ಸ್ ಸೆಂಟರನ್ನು ಕೊಂಡ ಜನರಲ್ ಮೋಟಾರ್ಸ್, ಕಾಂಕ್ರೀಟ್ ದಿಬ್ಬಗಳನ್ನು ತೆಗೆಸಿ ನದಿಯ ಕಡೆಗೂ ಬಾಗಿಲು ತೆರೆಯಿತು. ಆದರೆ ಅದು ಬಿಟ್ಟುಬಂದ ಪ್ರಧಾನ ಕಚೇರಿ ಇದ್ದದ್ದೂ ಇದೇ ನಗರದ ನ್ಯೂ ಸೆಂಟರ್ ಬಡಾವಣೆಯಲ್ಲಿ.

ಬೀದಿಗೆ ಮರಳಿದ ಯೋಜನೆ

2003ರಲ್ಲಿ ಕಂಪ್ಯೂವೇರ್ ಎಂಬ ಸಾಫ್ಟ್‌ವೇರ್ ಸಂಸ್ಥೆ ಉಪನಗರದಿಂದ ಪೇಟೆಯ ನಡುವಿಗೆ ಬಂದದ್ದು ತಿರುವಿನ ಘಟ್ಟ. ಅದರ ಎದುರಿಗೇ 2004ರಲ್ಲಿ ಕ್ಯಾಂಪಸ್ ಮಾರ್ಷಿಯಸ್ ಉದ್ಯಾನ ತೆರೆಯಿತು. ಡೆಟ್ರಾಯಿಟಿನ ಮೈಲಿ ರಸ್ತೆಗಳ ಅಳತೆ ಶುರುವಾಗುವುದು ಇಲ್ಲಿಂದಲೇ. ಪ್ರಸಿದ್ಧ 'ಎಯ್ಟ್ ಮೈಲ್' ರಸ್ತೆಗೆ ಆ ಹೆಸರು ಬಂದದ್ದು ಈ ಬಿಂದುವಿನಿಂದ ಎಣಿಸಿ. ಚಳಿಗಾಲದಲ್ಲಿ ಇಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್, ಬೇಸಿಗೆಯಲ್ಲಿ ಮರಳು ಸುರಿದ ಪುಟ್ಟ ಕಡಲತೀರ. ಮಧ್ಯಾಹ್ನದ ಊಟಕ್ಕೆ ಕಚೇರಿಯಿಂದ ಹೊರಬಂದವರು ಕೂರಲು ಕುರ್ಚಿ, ಸುತ್ತ ತಿಂಡಿ ಅಂಗಡಿ ಇತ್ತು. ಗೋಪುರಗಳಿಗಿಂತ ಎಷ್ಟೋ ಅಗ್ಗದ ಈ ಕೆಲಸ ಜನರನ್ನು ಬೀದಿಯಲ್ಲಿ ನಿಲ್ಲಿಸಿತು. 1984ರಿಂದ ಮುಚ್ಚಿದ್ದ ಬುಕ್ ಕ್ಯಾಡಿಲ್ಯಾಕ್ ಹೋಟೆಲು ದುರಸ್ತಿಯಾಗಿ 2008ರಲ್ಲಿ ಮತ್ತೆ ಅತಿಥಿಗಳನ್ನು ಸ್ವಾಗತಿಸಿತು.

2010ರಲ್ಲಿ ಗೃಹಸಾಲ ಸಂಸ್ಥೆ ಕ್ವಿಕನ್ ಲೋನ್ಸ್ ಅನ್ನು ಅದರ ಸ್ಥಾಪಕ ಡ್ಯಾನ್ ಗಿಲ್ಬರ್ಟ್ ಉಪನಗರದಿಂದ ಇಲ್ಲಿಗೆ ತಂದರು. ಆರ್ಥಿಕ ಕುಸಿತದಿಂದ ಬೆಲೆ ನೆಲಕಚ್ಚಿದ್ದ ಆ ಹೊತ್ತಿನಲ್ಲಿ ಅವರು ಕಟ್ಟಡಗಳನ್ನು ಒಂದರ ಮೇಲೊಂದು ಕೊಂಡರು. 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲದ ಹೊರೆಯಿಂದ ಡೆಟ್ರಾಯಿಟ್ ದಿವಾಳಿ ಘೋಷಿಸಿತು. ಅಮೆರಿಕದಲ್ಲಿ ಅಷ್ಟು ದೊಡ್ಡ ನಗರದ ದಿವಾಳಿ ಅದೇ ಮೊದಲು. ನಿವೃತ್ತ ನೌಕರರ ಪಿಂಚಣಿಗೆ ಕತ್ತರಿ ಬಿದ್ದ ಅದೇ ವರ್ಷಗಳಲ್ಲಿ ಪೇಟೆಯ ಕಟ್ಟಡಗಳಿಗೆ ಬಣ್ಣ ಬೀಳುತ್ತಿತ್ತು.

ಸಾರ್ವಜನಿಕ ಹಣದ ಪ್ರಶ್ನೆ

ನಗರಕೇಂದ್ರದಲ್ಲಿ ಕಟ್ಟುವ ಖರ್ಚು ಹೆಚ್ಚು, ಬಾಡಿಗೆ ಹುಟ್ಟುವುದು ಕಡಿಮೆ. ನಡುವಿನ ಅಂತರವನ್ನು ಸರ್ಕಾರ ತುಂಬಬೇಕೆಂಬುದು ನಿರ್ಮಾಣಗಾರರ ವಾದ. ಇದಕ್ಕೆ ಮುಖ್ಯ ಸಾಧನ, ಯೋಜನಾ ಪ್ರದೇಶದಲ್ಲಿ ಮುಂದೆ ಹೆಚ್ಚುವ ತೆರಿಗೆಯನ್ನು ಅದೇ ಯೋಜನೆಯ ಸಾಲ ತೀರಿಸಲು ಮೀಸಲಿಡುವುದು. 2017ರಲ್ಲಿ ತೆರೆದ ಲಿಟಲ್ ಸೀಸರ್ಸ್ ಅರೇನಾಕ್ಕೆ ಹೀಗೆಯೇ ಸಾರ್ವಜನಿಕ ಬಾಂಡ್‌ಗಳ ಬೆಂಬಲ ದೊರೆಯಿತು. ಅದರ ಜೊತೆಗೆ 2014ರಲ್ಲಿ ಸಾರಿದ್ದ 50 ಬ್ಲಾಕುಗಳ ವಸತಿ-ವ್ಯಾಪಾರ ಪ್ರದೇಶದಲ್ಲಿ ಮನೆಗಳಿಗಿಂತ ಪಾರ್ಕಿಂಗ್ ಜಾಗವೇ ಮೊದಲು ಹರಡಿತು. 2018ರಲ್ಲಿ ಗಿಲ್ಬರ್ಟ್ ಅವರ ನಾಲ್ಕು ಯೋಜನೆಗಳಿಗೆ ರಾಜ್ಯ 61.8 ಕೋಟಿ ಡಾಲರ್ ಮೊತ್ತದ ತೆರಿಗೆ ನೆರವನ್ನು ಮಂಜೂರು ಮಾಡಿತು.

ಹಳೆಯ ನಿವಾಸಿಗಳ ಪಾಡು ಇನ್ನೊಂದು ವಿವಾದ. ಗ್ರಿಸ್ವೋಲ್ಡ್ ಬೀದಿಯ ಒಂದು ವಸತಿ ಕಟ್ಟಡದಲ್ಲಿ ಸರ್ಕಾರಿ ಬಾಡಿಗೆ ನೆರವಿನಿಂದ ಬದುಕುತ್ತಿದ್ದ ವೃದ್ಧರಿಗೆ 2013ರಲ್ಲಿ ಮನೆ ಖಾಲಿ ಮಾಡಲು ನೋಟಿಸ್ ಬಂತು. ನವೀಕರಣದ ನಂತರ ಅದು ಮಾರುಕಟ್ಟೆ ದರದ ಅಪಾರ್ಟ್‌ಮೆಂಟ್ ಆಯಿತು. ಇಂಥ ಅನುಭವಗಳ ಬೆನ್ನಿಗೆ, 7.5 ಕೋಟಿ ಡಾಲರ್ ಅಥವಾ ಹೆಚ್ಚಿನ ವೆಚ್ಚದಲ್ಲಿ ಸಾರ್ವಜನಿಕ ನೆರವು ಪಡೆದು ಕಟ್ಟುವವರು ಸುತ್ತಲ ನಿವಾಸಿಗಳೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನಿಗೆ 2016ರಲ್ಲಿ ಮತದಾರರು ಒಪ್ಪಿಗೆ ಕೊಟ್ಟರು. ಖಾಲಿ ನೆಲ ಇಟ್ಟುಕೊಂಡವರಿಗೆ ತೆರಿಗೆ ಹೆಚ್ಚಿಸಿ, ಮನೆ ಇದ್ದವರಿಗೆ ಇಳಿಸುವ ಪದ್ಧತಿಯನ್ನು ಮೇಯರ್ ಮೈಕ್ ಡಗನ್ 2023ರಲ್ಲಿ ಮುಂದಿಟ್ಟರು. ಅದಕ್ಕೆ ರಾಜ್ಯ ಶಾಸನಸಭೆಯ ಒಪ್ಪಿಗೆ ಸಿಗಲಿಲ್ಲ.

ಇತ್ತೀಚಿನ ಸ್ಥಿತಿ

ಹಡ್ಸನ್ಸ್ ನಿವೇಶನದಲ್ಲಿ 2017ರ ಕೊನೆಯಲ್ಲಿ ಕೆಲಸ ಶುರುವಾಗಿ ಸುಮಾರು 208 ಮೀಟರ್ ಎತ್ತರದ ಗೋಪುರ ಎದ್ದಿದೆ. 2024ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ ಪ್ರಧಾನ ಕಚೇರಿಯನ್ನು ರಿನೈಸಾನ್ಸ್ ಸೆಂಟರಿನಿಂದ ಅಲ್ಲಿಗೆ ಸಾಗಿಸುವುದಾಗಿ ಪ್ರಕಟಿಸಿತು. ಅದೇ ವರ್ಷ ರಿನೈಸಾನ್ಸ್ ಸೆಂಟರಿನ ಎರಡು ಗೋಪುರಗಳನ್ನು ಕೆಡವುವ ಪ್ರಸ್ತಾವ ಬಂತು. ಮನೆಯಿಂದಲೇ ಕೆಲಸ ಮಾಡುವ ರೂಢಿ ಬೆಳೆದು ಕಚೇರಿ ಜಾಗಕ್ಕೆ ಬೇಡಿಕೆ ತಗ್ಗಿದ ಕಾಲದಲ್ಲಿ, ಒಂದನ್ನು ತುಂಬಿಸಲು ಇನ್ನೊಂದನ್ನು ತೆರವು ಮಾಡುವ ಹಳೆಯ ಪದ್ಧತಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ.

ಆದರೂ ಫಲಿತಾಂಶವನ್ನು ಅಲ್ಲಗಳೆಯುವಂತಿಲ್ಲ. 1988ರಿಂದ ಪಾಳು ಬಿದ್ದಿದ್ದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣವನ್ನು ಫೋರ್ಡ್ ಕಂಪನಿ ಜೀರ್ಣೋದ್ಧಾರ ಮಾಡಿ 2024ರ ಜೂನ್‌ನಲ್ಲಿ ತೆರೆಯಿತು. 2020ರ ಗಣತಿಯಲ್ಲಿ 6,39,111ಕ್ಕೆ ಇಳಿದಿದ್ದ ನಗರದ ಜನಸಂಖ್ಯೆ 1957ರ ಬಳಿಕ ಮೊದಲ ಸಲ 2023ರಲ್ಲಿ ತುಸು ಏರಿತೆಂದು ಜನಗಣತಿ ಇಲಾಖೆ ಅಂದಾಜಿಸಿತು. ಈ ಚೇತರಿಕೆಯ ಬಹುಭಾಗ ಕಾಣುವುದು ಪೇಟೆ ಮತ್ತು ಅದರ ಆಸುಪಾಸಿನಲ್ಲಿ. ಸುಮಾರು 360 ಚದರ ಕಿ.ಮೀ. ವಿಸ್ತಾರದ ನಗರದ ಅನೇಕ ಬಡಾವಣೆಗಳಲ್ಲಿ ಖಾಲಿ ನಿವೇಶನಗಳು ಹಾಗೇ ಇವೆ. ಬ್ಲ್ಯಾಕ್ ಬಾಟಮ್ ಮೇಲೆ ಹಾಯಿಸಿದ ತಗ್ಗು ಹೆದ್ದಾರಿಯ ಒಂದು ಭಾಗವನ್ನು ಮುಚ್ಚಿ ನೆಲಮಟ್ಟದ ಬೀದಿ ಮಾಡುವ ಯೋಜನೆಗೆ 2022ರಲ್ಲಿ ಕೇಂದ್ರ ಸರ್ಕಾರ 10.46 ಕೋಟಿ ಡಾಲರ್ ಘೋಷಿಸಿತು. ಹೀಗೆ ಬಿಡುಗಡೆಯಾಗುವ ನೆಲ ಮತ್ತೆ ದೊಡ್ಡ ನಿರ್ಮಾಣಗಾರರ ಪಾಲಾಗಬೇಕೆ, ಅಲ್ಲಿಂದ ಎಬ್ಬಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳಿಗೂ ಅದರಲ್ಲಿ ಪಾಲು ಇರಬೇಕೆ ಎಂಬ ಚರ್ಚೆ ಯೋಜನೆಯ ಜೊತೆಗೇ ಶುರುವಾಗಿದೆ.